ಬಚ್ಚಲು ನೊಣಕ್ಕೆ ಬ್ರಷ್ಷೇ ಮದ್ದು

ಬಚ್ಚಲುಮನೆಯ ಗೋಡೆಯ ಮೇಲೆ, ಬಕೆಟ್ಟಿನ ಹಿಂದೆ, ಗೀಸರ್ ಕೆಳಗಿನ ಮೂಲೆಯಲ್ಲಿ ಬೂದು ಬಣ್ಣದ ಪುಟಾಣಿ ಹುಳಗಳು ಅಲ್ಲಾಡದೆ ಕೂತಿರುತ್ತವಲ್ಲ, ಅವುಗಳನ್ನು ಓಡಿಸುವ ಬಗೆ ಇದು. ಕೈ ಬೀಸಿದರೆ ಹಾರುತ್ತವೆ, ಆದರೆ ಆ ಹಾರಾಟ ಗೇಣು ದೂರ ಕುಪ್ಪಳಿಸಿ ಮತ್ತೆ ಕೂರುವುದರಲ್ಲೇ ಮುಗಿಯುತ್ತದೆ. ಹೊಡೆದರೆ ಟೈಲ್ಸ್ ಮೇಲೆ ಕಪ್ಪು ಪುಡಿಯ ಗೀಟು ಉಳಿಯುತ್ತದೆ. ಹೊಡೆದು ಹೊಡೆದು ಕೈ ಸೋತು ಮಲಗಿದರೆ ಬೆಳಗ್ಗೆ ಮತ್ತೆ ಅಷ್ಟೇ ಹುಳ ಹಾಜರ್.

ನಾನು ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಮಹಡಿ ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ಹಾಗಾಗಿ ಹುಳದ ಪಾಠ ಓದಿನಿಂದ ಬಂತು, ಪೈಪು ಮತ್ತು ಟ್ರ್ಯಾಪಿನ (ಜಾಲಿಯ ಕೆಳಗೆ ನೀರು ನಿಲ್ಲುವ ತಿರುವು) ಪಾಠ ಪ್ಲಂಬರುಗಳ ಹಿಂದೆ ಟಾರ್ಚ್ ಹಿಡಿದು ನಿಂತು ಬಂತು. ಬೀದಿಯವರು ಬೆಂಕಿಪೊಟ್ಟಣದಲ್ಲಿ ಹುಳ ತಂದು "ಮೇಡಂ, ಇದು ಡೆಂಗಿ ಸೊಳ್ಳೇನಾ?" ಅಂತ ಕೇಳುತ್ತಾರೆ. ಮಹಡಿಯ ಬಾಡಿಗೆ ಹುಡುಗಿ ಫೋಟೋ ಕಳಿಸಿ "ಆಂಟಿ, ಪೂರ್ತಿ ಬಾಟ್ಲಿ ಹಾರ್ಪಿಕ್ ಸುರಿದೆ, ಹೋಗ್ತಾನೇ ಇಲ್ಲ" ಅನ್ನುತ್ತಾಳೆ. ಎಲ್ಲರಿಗೂ ನನ್ನದು ಒಂದೇ ಉತ್ತರ: ಸುರಿಯೋದು ಸಾಕು, ಉಜ್ಜಿ.

ಮೊದಲು ಇದೇ ಹುಳವೇ ನೋಡಿಕೊಳ್ಳಿ

ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಒಂದು ಫೋಟೋ ತೆಗೆದು ದೊಡ್ಡದು ಮಾಡಿ. ಉದ್ದ 3ರಿಂದ 5 ಮಿಲಿಮೀಟರ್. ಮೈ, ರೆಕ್ಕೆ ಎರಡರ ಮೇಲೂ ದಟ್ಟ ಕೂದಲು. ಕೂತಾಗ ಅಗಲ ರೆಕ್ಕೆಗಳು ಎರಡೂ ಪಕ್ಕಕ್ಕೆ ಚಾಚಿ, ಒಟ್ಟು ಆಕಾರ ಹೃದಯದ್ದಾಗಿ ಕಾಣುತ್ತದೆ. ರೆಕ್ಕೆಯ ಅಂಚಿಗೆ ಬಿಳಿ ಚುಕ್ಕೆಗಳ ಸಾಲು, ನಡುವೆ ಗಾಢ ಬಣ್ಣದ ಚಿಕ್ಕ ಗುಚ್ಛಗಳು. ಮೀಸೆಗಳು ಮಣಿ ಪೋಣಿಸಿದ ದಾರದ ಹಾಗೆ. ಇಷ್ಟು ಕಂಡರೆ ಅದು ಕ್ಲಾಗ್ಮಿಯಾ ಆಲ್ಬಿಪಂಕ್ಟೇಟಾ, ನಮ್ಮ ಬಚ್ಚಲು ನೊಣ. ಅಮೆರಿಕದ ವಿಲ್ಲಿಸ್ಟನ್ ಎಂಬ ಕೀಟಶಾಸ್ತ್ರಜ್ಞರು 1893ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟರು. ಜಗತ್ತಿನ ಬೆಚ್ಚಗಿನ ಊರುಗಳಲ್ಲೆಲ್ಲ ಇದೆ. ಮನುಷ್ಯ ಪೈಪು ಎಳೆದ ಕಡೆಗೆಲ್ಲ ಹಿಂದೆಯೇ ಬಂದಿದೆ.

ಚಿಟ್ಟೆಯ ಮರಿಯೋ ಪತಂಗವೋ ಅಂದುಕೊಳ್ಳುವವರು ಬಹಳ. ಪತಂಗಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಸೊಳ್ಳೆ, ಮನೆನೊಣಗಳ ಗುಂಪಿನದ್ದು. ಆದರೆ ಸೊಳ್ಳೆಯ ಹಾಗೆ ಚುಚ್ಚುವ ಬಾಯಿ ಇದಕ್ಕಿಲ್ಲ, ರಕ್ತ ಬೇಕಿಲ್ಲ. ಡೆಂಗಿ, ಮಲೇರಿಯಾ, ಚಿಕೂನ್‌ಗುನ್ಯಾ ಯಾವುದನ್ನೂ ಹರಡುವುದಿಲ್ಲ. ಇದೇ ಸೈಕೋಡಿಡೇ ಕುಟುಂಬದಲ್ಲಿ ರಕ್ತ ಹೀರುವ ಮರಳುನೊಣಗಳೂ ಇವೆ. ಬಿಹಾರದ ಕಡೆ ಕಾಲಾ ಅಜಾರ್ ಎಂಬ ಜ್ವರ ಹರಡುವುದು ಅವು. ಅವು ರೆಕ್ಕೆಯನ್ನು ಮೇಲಕ್ಕೆ ಎತ್ತಿ ಹಿಡಿದು ಕೂರುತ್ತವೆ, ಬಚ್ಚಲು ನೊಣ ಚಪ್ಪಟೆಯಾಗಿ ಕೂರುತ್ತದೆ. ಇಂಟರ್‌ನೆಟ್ಟಿನಲ್ಲಿ ಕುಟುಂಬದ ಹೆಸರು ಓದಿ ಗಾಬರಿಯಾಗಬೇಡಿ.

ಹಾಗಂತ ಪೂರ್ತಿ ನಿರಪಾಯವೂ ಅಲ್ಲ. ಮೋರಿಯ ಲೋಳೆಯಲ್ಲಿ ಹುಟ್ಟಿದ ಹುಳ ಹಲ್ಲುಜ್ಜುವ ಬ್ರಷ್ಷಿನ ಮೇಲೂ ಕೂರುತ್ತದೆ, ಕಾಲಲ್ಲಿ ಬ್ಯಾಕ್ಟೀರಿಯಾ ಹೊತ್ತು ತರುತ್ತದೆ. ಆಸ್ಪತ್ರೆಗಳಲ್ಲಿ ಇದನ್ನು ಅಸಡ್ಡೆ ಮಾಡದಿರುವುದು ಅದಕ್ಕೇ. ಸತ್ತ ನೊಣಗಳ ಕೂದಲಿನ ಪುಡಿ ಗಾಳಿಯಲ್ಲಿ ಸೇರಿದರೆ ಉಬ್ಬಸ ಇರುವವರಿಗೆ ಆಗಿಬರುವುದಿಲ್ಲ. ಮನೆಯಲ್ಲಿ ಅಂಥವರಿದ್ದರೆ ಗೋಡೆಯ ಮೇಲೆ ಹೊಡೆದು ಪುಡಿ ಮಾಡುವುದನ್ನು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಬೇರೆ ಪುಟ್ಟ ನೊಣಗಳನ್ನು ಇದರ ಜೊತೆ ಕಲಸಬಾರದು, ಯಾಕೆಂದರೆ ಒಂದೊಂದಕ್ಕೂ ಹುಟ್ಟುವ ಜಾಗ ಬೇರೆ. ಬಾಳೆಹಣ್ಣು, ಕೊಳೆತ ಟೊಮೆಟೊ, ಹುಳಿ ಬಂದ ಹಿಟ್ಟಿನ ಪಾತ್ರೆ ಸುತ್ತ ಕೆಂಪು ಕಣ್ಣಿನ, ಕಂದು ಮೈಯ ನೊಣ ಸುತ್ತುತ್ತಿದ್ದರೆ ಅದು ಡ್ರಾಸೊಫಿಲಾ. ನಮ್ಮ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅದಕ್ಕೆಂದೇ ಒಂದು ಸ್ಟಾಕ್ ಸೆಂಟರ್ ಇದೆ, ಬಾಟಲಿಗಳಲ್ಲಿ ಸಾಕುತ್ತಾರೆ. ನಿಮ್ಮ ಅಡುಗೆಮನೆಯಲ್ಲಿ ಸಾಕುವುದು ಬೇಡವಾದರೆ ಹಣ್ಣು ಮುಚ್ಚಿಟ್ಟು ಕಸದ ಡಬ್ಬಿ ತೊಳೆದರೆ ಆಯಿತು. ಹೂಕುಂಡದ ಮಣ್ಣಿನಿಂದ ಏಳುವ ಸಣಕಲು ಕಪ್ಪು ಹುಳ ಇನ್ನೊಂದು ಜಾತಿ. ಅದಕ್ಕೆ ಕುಂಡಕ್ಕೆ ನೀರು ಕಡಿಮೆ ಮಾಡಿ ಮೇಲ್ಮಣ್ಣು ಒಣಗಲು ಬಿಡಬೇಕು. ಗೂನುಬೆನ್ನಿನ, ಹಾರುವ ಬದಲು ತಡೆತಡೆದು ಓಡುವ ಕಂದು ನೊಣ ಕಂಡರೆ ಮಾತ್ರ ಸ್ವಲ್ಪ ಎಚ್ಚರ. ಅದು ಫೋರಿಡ್. ಅದು ಬಹಳ ಬಂದರೆ ಎಲ್ಲೋ ನೆಲದಡಿ ಪೈಪು ಒಡೆದಿರುವ ಸಂಶಯ ಪಡಬೇಕು.

ಏನು ಸುರಿದರೂ ಯಾಕೆ ಹೋಗುವುದಿಲ್ಲ

ಗೋಡೆಯ ಮೇಲೆ ಕಾಣುವುದು ಸಂಸಾರದ ಕೊನೆಯ ಘಟ್ಟ. ಮೊಟ್ಟೆ, ಮರಿಹುಳ, ಗೂಡುಹುಳ ಮೂರೂ ನೀರು ಹೋಗುವ ತೂತಿನ ಜಾಲಿಯ ಕೆಳಗಿವೆ. ನಾವು ಮೈ ತೊಳೆದ ಸೋಪಿನ ಜಿಡ್ಡು, ಎಣ್ಣೆ, ಕೂದಲು, ಸತ್ತ ಚರ್ಮದ ಪುಡಿ ಎಲ್ಲ ಪೈಪಿನ ಒಳಗೋಡೆಗೆ ಅಂಟಿ, ಅದರ ಮೇಲೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಒಂದು ಕಪ್ಪು ಲೋಳೆಯ ಪದರವಾಗುತ್ತದೆ. ಹೆಣ್ಣು ನೊಣ ಆ ಲೋಳೆಯ ಮೇಲೆ ಒಂದು ಸಲಕ್ಕೆ 30ರಿಂದ 100 ಮೊಟ್ಟೆ ಇಡುತ್ತದೆ. ಸುಮಾರು ಎರಡು ದಿನದಲ್ಲಿ ಒಡೆಯುತ್ತವೆ. ಕಾಲಿಲ್ಲದ, ಬೂದುಗಪ್ಪು ಮರಿಹುಳಗಳು ಲೋಳೆಯೊಳಗೆ ಹೂತುಕೊಂಡು ಕೊಳೆತದ್ದನ್ನು ಮೇಯುತ್ತಾ 9ರಿಂದ 15 ದಿನ ಕಳೆಯುತ್ತವೆ, ಬೆಳೆದು ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಆಗುತ್ತವೆ. ಬಾಲದ ತುದಿಯಲ್ಲಿ ಒಂದು ಉಸಿರು ಕೊಳವೆ ಇದೆ; ಮೈ ಲೋಳೆಯಲ್ಲಿ ಮುಳುಗಿದ್ದರೂ ತುದಿ ಹೊರಗೆ ಚಾಚಿ ಗಾಳಿ ತೆಗೆದುಕೊಳ್ಳುತ್ತವೆ. ಆಮೇಲೆ ಒಂದೆರಡು ದಿನ ಗೂಡುಹುಳ, ಅದರಿಂದ ನೊಣ. ಮೈಸೂರಿನ ಬೇಸಗೆಯಲ್ಲಿ ಇದೆಲ್ಲ ಬೇಗ, ಚಳಿಗಾಲದಲ್ಲಿ ನಿಧಾನ. ರೆಕ್ಕೆ ಬಂದ ಮೇಲೆ ಬದುಕುವುದು ಹೆಚ್ಚೆಂದರೆ ಎರಡು ವಾರದ ಸುಮಾರು.

ಈಗ ಕುದಿಯುವ ನೀರು ಸುರಿದಿರಿ ಅನ್ನಿ. ಅದು ಪೈಪಿನ ಕೆಳಭಾಗದಲ್ಲಿ ಹರಿದು ಕ್ಷಣದಲ್ಲಿ ಹೋಗಿಬಿಡುತ್ತದೆ. ಮೇಲಿನ ಗೋಡೆ, ಜಾಲಿಯ ಅಡಿ, ಟ್ರ್ಯಾಪಿನ ಕುತ್ತಿಗೆ ಇವಕ್ಕೆ ನೀರೇ ತಾಗುವುದಿಲ್ಲ. ತಾಗಿದ ಕಡೆಯೂ ಲೋಳೆಯ ಮೇಲ್ಪದರ ಬೇಯುತ್ತದೆ, ಒಳಗಿನ ಹುಳ ಕ್ಷೇಮವಾಗಿರುತ್ತದೆ. ದೊಡ್ಡ ನೊಣದ ಕೂದಲಿಗೆ ನೀರು ಅಂಟದ ಗುಣವಿದೆ, ಅದೂ ಮುಳುಗಿ ಸಾಯುವುದಿಲ್ಲ. ಇನ್ನು ನಿಮ್ಮ ಪೈಪು ಪಿವಿಸಿಯದ್ದಾದರೆ, ಈಗ ಎಲ್ಲರದ್ದೂ ಅದೇ, ಪದೇ ಪದೇ ಕುದಿನೀರು ಬಿದ್ದರೆ ಮೆತ್ತಗಾಗಿ ಜಾಯಿಂಟು ಸಡಿಲವಾಗುತ್ತದೆ. 60 ಡಿಗ್ರಿಗಿಂತ ಮೇಲಿನ ಬಿಸಿ ಅದಕ್ಕೆ ಬೇಡ.

ಬ್ಲೀಚಿಂಗ್ ಪೌಡರ್ ಕಥೆಯೂ ಅಷ್ಟೇ: ಹರಿದು ಹೋಗುತ್ತದೆ, ಲೋಳೆ ಉಳಿಯುತ್ತದೆ. ಫಿನಾಯಿಲ್ ವಾಸನೆ ಮರೆಮಾಡುತ್ತದೆ. ಅಡುಗೆ ಸೋಡಾದ ಮೇಲೆ ವಿನಿಗರ್ ಹಾಕಿದರೆ ನೊರೆ ಬುರಬುರ ಬರುವುದು ನೋಡಲು ಚಂದ. ಕ್ಷಾರ ಆಮ್ಲ ಒಂದನ್ನೊಂದು ಕೊಂದುಕೊಂಡ ಮೇಲೆ ಉಳಿಯುವುದು ಉಪ್ಪುನೀರಿನಂಥದ್ದು. ಪ್ರಯೋಗಾಲಯದಲ್ಲಿ ಮಕ್ಕಳಿಗೆ ತೋರಿಸಲು ಸರಿ, ಮೋರಿಗಲ್ಲ. ಬಚ್ಚಲು ಆಸಿಡ್ ಸಿಮೆಂಟನ್ನು, ಟೈಲ್ಸ್ ಸಂದಿಯನ್ನು, ಸ್ಟೀಲ್ ಜಾಲಿಯನ್ನು ತಿನ್ನುತ್ತದೆ. ಈ ಹುಳಕ್ಕಾಗಿ ಅದನ್ನು ಮನೆಗೆ ತರಲೇಬೇಡಿ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಒಂದರಿಂದ ಹೋಗಲಿಲ್ಲ ಅಂತ ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೇ ಆಸಿಡ್ ಅಥವಾ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಸುರಿಯುವವರಿದ್ದಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೆ ಅಪಾಯ, ಪ್ರಾಣಕ್ಕೂ ಅಪಾಯ. ಬಾಡಿಗೆ ಹುಡುಗಿಗೆ ನಾನು ಫೋನ್ ಮಾಡಿ ಮೊದಲು ಕೇಳಿದ್ದೇ "ಹಾರ್ಪಿಕ್ ಮೇಲೆ ಇನ್ನೇನಾದರೂ ಹಾಕಿದ್ದೀಯೇನಮ್ಮ?" ಅಂತ. ಹಾಕಿರಲಿಲ್ಲ, ಪುಣ್ಯ.

ಯಾವ ತೂತು ಅಂತ ಹುಡುಕಿ

ಹುಳ ಕಾಣುವ ಕೋಣೆಯಲ್ಲೇ ಹುಟ್ಟುತ್ತಿರಬೇಕು ಅಂತಿಲ್ಲ, ಆದರೆ ದೂರ ಹಾರಲು ಬಾರದ ಹುಳವಾದ್ದರಿಂದ ಬಹುಮಟ್ಟಿಗೆ ಹತ್ತಿರದಲ್ಲೇ ಇರುತ್ತದೆ. ಊಹೆ ಬೇಡ, ಟೇಪು ಹಚ್ಚಿ ನೋಡಿ. ರಾತ್ರಿ ಎಲ್ಲರ ಸ್ನಾನ, ಪಾತ್ರೆ ಮುಗಿದ ಮೇಲೆ ಜಾಲಿಯನ್ನೂ ಸುತ್ತಲ ನೆಲವನ್ನೂ ಬಟ್ಟೆಯಿಂದ ಒಣಗಿಸಿ. ಅಗಲದ ಸೆಲೋಟೇಪನ್ನು ಅಂಟು ಕೆಳಗಾಗುವ ಹಾಗೆ ಜಾಲಿಯ ಮೇಲೆ ಹಚ್ಚಿ. ಪೂರ್ತಿ ಮುಚ್ಚಬೇಡಿ, ಅಂಚಿನಲ್ಲಿ ಸ್ವಲ್ಪ ಸಂದಿ ಇರಲಿ. ಗಾಳಿಯಾಡಿದರೆ ಹುಳ ಮೇಲೆ ಬರುತ್ತದೆ. ಬೆಳಗ್ಗೆ ಯಾರೂ ಮುಖ ತೊಳೆಯುವ ಮೊದಲು ಟೇಪು ಎತ್ತಿ ತಿರುಗಿಸಿ ನೋಡಿ. ಈ ಹುಳಕ್ಕೆ ಓಡಾಟ ಹೆಚ್ಚು ರಾತ್ರಿ ಹೊತ್ತು, ಹೊಸದಾಗಿ ಹುಟ್ಟಿದ್ದು ಅಂಟಿಕೊಂಡಿರುತ್ತದೆ.

ಒಂದೇ ರಾತ್ರಿ ಮಾಡಿ ಬಿಡಬೇಡಿ. ಗೂಡಿನಿಂದ ಹೊರಬರುವ ಸರದಿ ಆ ರಾತ್ರಿ ಇಲ್ಲದಿದ್ದರೆ ಟೇಪು ಖಾಲಿ ಕಾಣುತ್ತದೆ. ಮೂರು ನಾಲ್ಕು ರಾತ್ರಿ ಸಾಲಾಗಿ, ಮನೆಯ ಎಲ್ಲ ತೂತಿಗೂ ಹಚ್ಚಿ: ಬಚ್ಚಲಿನ ಎರಡೂ ಜಾಲಿ, ವಾಷ್‌ಬೇಸಿನ್, ಅಡುಗೆಮನೆ ಸಿಂಕು, ವಾಷಿಂಗ್ ಮೆಷಿನ್ ನೀರು ಬೀಳುವ ತೂತು, ಬಾಲ್ಕನಿಯ ಮೂಲೆ. ಟೇಪಿನ ಮೇಲೆ ಪೆನ್ನಿನಲ್ಲಿ ಜಾಗದ ಹೆಸರು ಬರೆದರೆ ಗೊಂದಲ ಇರುವುದಿಲ್ಲ. ನಮ್ಮನೆಯವರು ಇದನ್ನು ನೋಡಿ "ಪರೀಕ್ಷೆ ಹಾಲ್ ಟಿಕೆಟ್ ಅಂಟಿಸ್ತಿದ್ದೀಯಾ" ಅಂತ ನಗುತ್ತಾರೆ. ನಗಲಿ. ಹೆಚ್ಚು ಹುಳ ಸಿಕ್ಕ ತೂತೇ ತವರುಮನೆ ಅನ್ನುವುದು ಟೇಪಿಲ್ಲದೆ ಗೊತ್ತಾಗುವುದಿಲ್ಲ.

ಉಜ್ಜುವ ದಿನ

ಬೇಕಾದ್ದು: ಮೊಣಕೈವರೆಗಿನ ರಬ್ಬರ್ ಗ್ಲೌಸ್, ಸ್ಕ್ರೂ ಡ್ರೈವರ್, ಟಾರ್ಚ್, ಹಳೇ ಟೂತ್‌ಬ್ರಷ್, ಹಳೇ ಚಮಚ, ಪಾತ್ರೆ ತೊಳೆಯುವ ಲಿಕ್ವಿಡ್, ವಾಷಿಂಗ್ ಸೋಡಾ, ಒಂದಿಷ್ಟು ಹಳೇ ಪೇಪರು. ಮುಖ್ಯವಾಗಿ ಒಂದು ಉದ್ದ ಹಿಡಿಯ, ಸುತ್ತಲೂ ಬಿರುಸು ಕೂದಲಿರುವ ಬ್ರಷ್. ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪ್ ಬ್ರಷ್ ಅಂತ ಕೇಳಿ. ಪೈಪಿನ ಬಾಯಿಗಿಂತ ತುಸು ದಪ್ಪದ್ದೇ ಆಗಬೇಕು, ಬಿಗಿಯಾಗಿ ಇಳಿದರೆ ಮಾತ್ರ ಗೋಡೆ ಕೆರೆಯುತ್ತದೆ. ಸಣ್ಣ ಬಾಟಲಿ ಬ್ರಷ್ ಹಾಕಿ ಆಡಿಸಿದರೆ ಲೋಳೆಗೆ ಕಚಗುಳಿ ಇಟ್ಟಷ್ಟೇ.

ಈ ಕೆಲಸವನ್ನು ಮನೆಗೆಲಸದವರ ತಲೆಗೆ ಹಾಕಿ ಆಚೆ ಹೋಗಬೇಡಿ. ನಮ್ಮ ಮನೆಯ ಲೋಳೆ ನಮ್ಮದೇ. ಅವರೇ ಮಾಡುವುದಾದರೆ ಗ್ಲೌಸ್ ಕೊಡಿ, ಹೆಚ್ಚಿನ ದುಡ್ಡು ಕೊಡಿ, ಪಕ್ಕದಲ್ಲಿದ್ದು ಟಾರ್ಚ್ ಹಿಡಿಯಿರಿ.

ಕಿಟಕಿ ತೆರೆದು ಜಾಲಿ ಎತ್ತಿ. ಕೆಲವು ಸುಮ್ಮನೆ ಎದ್ದು ಬರುತ್ತವೆ, ಕೆಲವು ತಿರುಗಿಸಿ ತೆಗೆಯುವಂಥವು, ಕೆಲವಕ್ಕೆ ಎರಡು ಸ್ಕ್ರೂ. ಜಿರಲೆ ಬಾರದಂತೆ ಒಳಗೊಂದು ಬಟ್ಟಲು ಇರುವ ಜಾಲಿಯಾದರೆ ಆ ಬಟ್ಟಲನ್ನೂ ಹೊರತೆಗೆಯಿರಿ. ಜಿರಲೆ ತಡೆಯಲು ಹಾಕಿಸಿದ ಅದೇ ಬಟ್ಟಲು ಈ ಹುಳಕ್ಕೆ ಅರಮನೆ: ಒದ್ದೆ, ಕತ್ತಲು, ಯಾರೂ ಮುಟ್ಟದ ಜಾಗ. ಜಾಲಿಯನ್ನು ತಿರುವಿ ಹಾಕಿ ಅಡಿ ನೋಡಿದರೆ ಕಪ್ಪು ಲೋಳೆಯಲ್ಲಿ ಸಣ್ಣ ಎಳೆಗಳು ಅಲುಗಾಡುವುದು ಕಾಣಬಹುದು. ಅವೇ ಮರಿಹುಳ. ಮಕ್ಕಳಿದ್ದರೆ ಕರೆದು ತೋರಿಸಿ, ಅಸಹ್ಯಪಡುವುದಕ್ಕೆ ಮೊದಲು ಕುತೂಹಲಪಡುತ್ತಾರೆ.

ಲೋಳೆಯನ್ನು ಚಮಚದಿಂದ ಕೆರೆದು ಪೇಪರಿನ ಮೇಲೆ ಹಾಕಿ. ನೀರು ಬಿಟ್ಟು ಒಳಗೆ ತಳ್ಳುವುದು ಸುಲಭ ಅನಿಸುತ್ತದೆ, ಆದರೆ ತಳ್ಳಿದ್ದು ಮುಂದಿನ ತಿರುವಿನಲ್ಲಿ ಕೂರುತ್ತದೆ, ಹುಳಗಳ ಸಮೇತ. ಕೂದಲ ಉಂಡೆ, ಸೋಪಿನ ಚೂರು, ಶಾಂಪೂ ಸ್ಯಾಷೆಯ ಮೂಲೆ ಎಲ್ಲ ಹೊರಗೆ ಬರಲಿ. ಪೇಪರು ಸುತ್ತಿ ಕವರಿಗೆ ಹಾಕಿ ಕಟ್ಟಿ ಕಸಕ್ಕೆ ಕೊಡಿ. ಜಾಲಿ, ಬಟ್ಟಲು ಎರಡನ್ನೂ ಟೂತ್‌ಬ್ರಷ್ಷಿನಿಂದ ಉಜ್ಜಿ ಬಿಸಿಲಿಗಿಡಿ.

ಇನ್ನು ಟ್ರ್ಯಾಪಿನ ಕುತ್ತಿಗೆ. ಟೈಲ್ಸ್ ಮುಗಿದು ಪೈಪು ಶುರುವಾಗುವ ಕಡೆ ಮೇಸ್ತ್ರಿ ಒರಟಾಗಿ ಬಿಟ್ಟ ಸಿಮೆಂಟಿನ ಒಂದು ಉಂಗುರ ಇರುತ್ತದೆ. ಟಾರ್ಚ್ ಬಿಟ್ಟು ನೋಡಿ, ಲೋಳೆ ಅತಿ ದಪ್ಪ ಇರುವುದು ಅಲ್ಲೇ. ಬೆರಳು ಹಾಕಿ ಮುಟ್ಟಿ ನೋಡಿ. ಕಣ್ಣಿಗೆ ಚೊಕ್ಕಟವಾಗಿ ಕಂಡರೂ ಬೆರಳಿಗೆ ಜಾರಿದರೆ ಉಜ್ಜಿದ್ದು ಸಾಲದು, ಒರಟು ಸಿಕ್ಕಿದರೆ ಸರಿ. ನಾನು ಕೆಲಸ ಮುಗಿಯಿತು ಎನ್ನುವುದು ಬೆರಳು ಹೇಳಿದ ಮೇಲೆ.

ಆಮೇಲೆ ಉದ್ದ ಬ್ರಷ್ಷಿಗೆ ಲಿಕ್ವಿಡ್ ಹಚ್ಚಿ ಪೈಪಿನೊಳಗೆ ಎಷ್ಟು ಹೋಗುತ್ತದೋ ಅಷ್ಟು ಇಳಿಸಿ ತಿರುಗಿಸುತ್ತಾ ಎಳೆಯಿರಿ. ಈಚಿನ ಮನೆಗಳಲ್ಲಿ ನೆಲದಡಿ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಪ್ಲಂಬರುಗಳು ಅದನ್ನು ಮಲ್ಟಿ ಟ್ರ್ಯಾಪ್ ಅನ್ನುತ್ತಾರೆ. ವಾಷ್‌ಬೇಸಿನ್ ನೀರು, ಷವರ್ ಕಡೆಯ ನೀರು ಎಲ್ಲ ಪಕ್ಕದ ತೂತುಗಳಿಂದ ಬಂದು ಅದರಲ್ಲಿ ಸೇರುತ್ತವೆ. ಆ ಪಕ್ಕದ ತೂತುಗಳಿಗೆ ಮೇಲಿಂದ ಬ್ರಷ್ ಬಗ್ಗುವುದಿಲ್ಲ. ಹಳೇ ಟೂತ್‌ಬ್ರಷ್ಷಿನ ಕತ್ತನ್ನು ಮೇಣದ ಬತ್ತಿಗೆ ಹಿಡಿದು ಬಗ್ಗಿಸಿಟ್ಟುಕೊಂಡರೆ ಅದು ಸಲೀಸಾಗಿ ತಲುಪುತ್ತದೆ. ಒಂದು ತೂತನ್ನು ತೊಳೆದು ಇನ್ನೊಂದನ್ನು ಮುಂದಿನ ವಾರಕ್ಕೆ ಬಿಡಬಾರದು ಅನ್ನುವುದೂ ಇದಕ್ಕೇ. ಒಳಗೆ ಎಲ್ಲವೂ ನೆಂಟರು.

ಉಜ್ಜಿದ ಮೇಲೆ ಒಂದು ಬಕೆಟ್ ಬಿಸಿನೀರಿಗೆ, ಸ್ನಾನಕ್ಕಿಂತ ತುಸು ಹೆಚ್ಚು ಬಿಸಿ, ಕುದಿಯುವುದು ಬೇಡ, ಎರಡು ಹಿಡಿ ವಾಷಿಂಗ್ ಸೋಡಾ ಕರಗಿಸಿ ನಿಧಾನವಾಗಿ ಸುತ್ತಲೂ ಹರಿಯುವ ಹಾಗೆ ಬಿಡಿ. ಸಡಿಲಗೊಂಡ ಜಿಡ್ಡು ಕರಗಿ ಹೋಗುತ್ತದೆ. ಈಗ ಬಿಸಿನೀರಿಗೆ ಅರ್ಥ ಬಂತು. ಮೊದಲೇ ಸುರಿದಿದ್ದರೆ ವ್ಯರ್ಥ.

ಮೋರಿಗೆ ಹಾಕುವ ಎನ್‌ಜೈಮ್ ಅಥವಾ ಬ್ಯಾಕ್ಟೀರಿಯಾ ಇರುವ ಜೆಲ್‌ಗಳು ಸಿಗುತ್ತವೆ. ಉಜ್ಜಿದ ಮೇಲೆ ಬ್ರಷ್ ತಲುಪದ ತಿರುವುಗಳಿಗೆ ರಾತ್ರಿ ಹಾಕಿ, ಬೆಳಗಿನವರೆಗೆ ನೀರು ಬಿಡದಿದ್ದರೆ ಉಪಯೋಗವುಂಟು. ಜೆಲ್ ಹಾಕಿದ ಮರುದಿನ ಬ್ಲೀಚಿಂಗ್ ಪೌಡರ್ ಹಾಕಿದರೆ ಆ ಬ್ಯಾಕ್ಟೀರಿಯಾ ಸಾಯುತ್ತದೆ, ದುಡ್ಡು ಮೋರಿಗೆ. ಹಳ್ಳಿಮನೆ, ಲೇಔಟ್ ಮನೆಗಳಲ್ಲಿ ಶೌಚದ ಪಿಟ್ಟು ಇದ್ದವರಿಗೂ ಇದೇ ಕಾರಣಕ್ಕೆ ಹೇಳುತ್ತೇನೆ: ಬಕೆಟ್ಟುಗಟ್ಟಲೆ ಬ್ಲೀಚು, ಫಿನಾಯಿಲ್ ಸುರಿದರೆ ಪಿಟ್ಟಿನಲ್ಲಿ ಕೆಲಸ ಮಾಡುವ ಜೀವಿಗಳೂ ಹೋಗುತ್ತವೆ, ಆಮೇಲೆ ಪಿಟ್ಟು ಬೇಗ ತುಂಬುತ್ತದೆ.

ವಾಷ್‌ಬೇಸಿನ್ ಕೆಳಗಿನ ಸುರುಳಿ ಸುರುಳಿ ಪ್ಲಾಸ್ಟಿಕ್ ಪೈಪನ್ನು ತೊಳೆಯಲು ಹೋಗಬೇಡಿ. ಒಂದೊಂದು ಮಡಿಕೆಯಲ್ಲೂ ಲೋಳೆ ಇರುತ್ತದೆ, ಬ್ರಷ್ ಹೋಗುವುದಿಲ್ಲ. ಬಿಚ್ಚಿ ಎಸೆದು ಹೊಸದು ಹಾಕಿಸಿ, ದೊಡ್ಡ ಖರ್ಚಲ್ಲ. ಬಾಟಲಿಯಾಕಾರದ ಟ್ರ್ಯಾಪ್ ಇದ್ದರೆ ಕೆಳಗೆ ಬಕೆಟ್ ಇಟ್ಟು ಅಡಿಯ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ತೆಗೆಯಬಹುದು. ಬೇಸಿನ್ ತುಂಬಿದರೆ ನೀರು ಹೊರಹೋಗಲಿ ಅಂತ ಮೇಲ್ಗಡೆ ಒಂದು ಚಿಕ್ಕ ತೂತು ಇರುತ್ತದಲ್ಲ, ಅದರೊಳಗೂ ಸಣ್ಣ ಬ್ರಷ್ ಹಾಕಿ. ಮನೆಯೆಲ್ಲ ತೊಳೆದರೂ ಹುಳ ಹೋಗುತ್ತಿಲ್ಲ ಅನ್ನುವವರ ಮನೆಯಲ್ಲಿ ಎಷ್ಟೋ ಸಲ ಸಿಕ್ಕಿಬೀಳುವುದು ಆ ತೂತು.

ಮರೆತುಹೋಗುವ ಜಾಗಗಳು

ಬಕೆಟ್ಟಿನ ತಳದ ಹೊರಭಾಗ. ಬಚ್ಚಲಿನ ರಬ್ಬರ್ ಮ್ಯಾಟಿನ ಅಡಿ. ಒದ್ದೆಯಾಗಿಯೇ ಮೂಲೆಗೆ ನಿಲ್ಲಿಸಿದ ನೆಲ ಒರೆಸುವ ಮಾಪು, ಅದು ನಿಂತ ಬಕೆಟ್. ಫ್ರಿಜ್ಜಿನ ಹಿಂದೆ ನೀರು ತೊಟ್ಟಿಕ್ಕುವ ತಟ್ಟೆ. ಎಸಿ ನೀರಿನ ಪೈಪು ಬೀಳುವ ಜಾಗ. ಹೂಕುಂಡದ ಕೆಳಗಿನ ತಟ್ಟೆ. ಇವೆಲ್ಲ ಒಂದು ಸುತ್ತು ತೊಳೆದು ಒಣಗಿಸಿದರೆ ಮುಗಿಯಿತು.

ಮನೆಯ ಹೊರಗಿನ ಚೇಂಬರ್ ಮಾತ್ರ ಸ್ವಲ್ಪ ಬೇರೆ. ಬಚ್ಚಲಿನ ನೀರು ಸೇರುವ ಆ ಸಿಮೆಂಟ್ ಗುಂಡಿಯ ಮುಚ್ಚಳ ಒಡೆದಿದ್ದರೆ, ಒಳಗೆ ಜಿಡ್ಡು ಕಟ್ಟಿದ್ದರೆ ಹುಳ ಅಲ್ಲಿ ಹುಟ್ಟಿ ವೆಂಟಿಲೇಟರ್ ಕಿಟಕಿಯಿಂದ ಒಳಬರುತ್ತದೆ. ರಾತ್ರಿ ಬಚ್ಚಲಿನ ದೀಪ ಉರಿಯುತ್ತಿದ್ದರೆ ಇನ್ನೂ ಸುಲಭ, ಬೆಳಕಿಗೆ ಬರುವ ಹುಳ ಅದು. ಚೇಂಬರಿನ ಗೋಡೆಯನ್ನು ಮೇಲಿನಿಂದಲೇ ಉದ್ದ ಕೋಲಿನ ಬ್ರಷ್ಷಿನಿಂದ ಉಜ್ಜಿ ನೀರು ಬಿಡಿ, ಮುಚ್ಚಳ ಬದಲಿಸಿ, ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಆಳದ ಗುಂಡಿ, ಪಿಟ್ಟು, ಮ್ಯಾನ್‌ಹೋಲ್ ಆದರೆ ಯಾರನ್ನೂ ಒಳಗೆ ಇಳಿಸಬೇಡಿ. ವಿಷಾನಿಲದಿಂದ ಜನ ಸಾಯುತ್ತಾರೆ, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ರಕ್ಷಣೆಯಿಲ್ಲದೆ ಹೀಗೆ ಇಳಿಸುವುದನ್ನು ಅಪರಾಧವೆಂದು ಹೇಳುತ್ತದೆ. ಯಂತ್ರದ ಗಾಡಿ ಕರೆಸಿ.

ಮೇಲಿನ ಕೋಣೆಯಲ್ಲಿ ಬಳಸದ ಬಚ್ಚಲಿದ್ದರೆ ಅದನ್ನೂ ನೆನಪಿಡಿ. ಟ್ರ್ಯಾಪಿನಲ್ಲಿ ನಿಲ್ಲುವ ನೀರೇ ಚರಂಡಿಗೂ ನಮಗೂ ನಡುವಿನ ಬಾಗಿಲು. ಬೇಸಗೆಯಲ್ಲಿ ಆ ನೀರು ಆರಿಹೋದರೆ ವಾಸನೆ, ಜಿರಲೆ, ನೊಣ ಎಲ್ಲ ಮೇಲೆ ಬರುತ್ತವೆ. ವಾರಕ್ಕೊಮ್ಮೆ ಅರ್ಧ ಬಕೆಟ್ ನೀರು ಹಾಕಿದರೆ ಸಾಕು.

ಆಮೇಲಿನ ವಾರಗಳು

ಉಜ್ಜಿದ ಮರುದಿನವೂ ಗೋಡೆಯ ಮೇಲೆ ಹುಳ ಇರುತ್ತದೆ. ಎಷ್ಟೋ ಜನ ಇಲ್ಲೇ ಸೋಲುವುದು, "ಇಷ್ಟೆಲ್ಲ ಮಾಡಿದೆ, ಏನೂ ಆಗಲಿಲ್ಲ" ಅಂತ ಮತ್ತೆ ಆಸಿಡ್ ಬಾಟಲಿಗೆ ಕೈ ಹಾಕುತ್ತಾರೆ. ಲೆಕ್ಕ ಹಾಕಿ ನೋಡಿ. ರೆಕ್ಕೆ ಬಂದದ್ದು ಇನ್ನೂ ಎರಡು ವಾರ ಬದುಕಬಹುದು. ಬ್ರಷ್ಷಿಗೆ ಸಿಗದೆ ಉಳಿದ ಗೂಡುಹುಳಗಳು ಒಂದೆರಡು ದಿನದಲ್ಲಿ ಹೊರಬರುತ್ತವೆ. ಹಾಗಾಗಿ ಮೊದಲ ವಾರ ಕಡಿಮೆಯಾದದ್ದು ಕಾಣದೆ ಇರಬಹುದು, ಎರಡನೆಯ ವಾರ ಕಾಣಬೇಕು, ಮೂರನೆಯ ವಾರದ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಉಳಿಯಬೇಕು. ಈ ಅವಧಿಯಲ್ಲಿ ವಾರಕ್ಕೊಮ್ಮೆ ಜಾಲಿ ಎತ್ತಿ ಕುತ್ತಿಗೆ ಉಜ್ಜಿ. ಮರಿಹುಳ ಬೆಳೆದು ನೊಣವಾಗಲು ಒಂದು ವಾರಕ್ಕಿಂತ ಹೆಚ್ಚು ಬೇಕು; ಅಷ್ಟರೊಳಗೆ ಮತ್ತೆ ಮತ್ತೆ ಲೋಳೆ ತೆಗೆಯುತ್ತಿದ್ದರೆ ಹೊಸ ಮೊಟ್ಟೆ ನೊಣವಾಗುವ ಹಂತ ಮುಟ್ಟುವುದೇ ಇಲ್ಲ. ಆಮೇಲೆ ತಿಂಗಳಿಗೊಮ್ಮೆ ಸಾಕು.

ಹಾರುವ ಹುಳಕ್ಕೆ ಸೊಳ್ಳೆ ಬ್ಯಾಟು ಸಾಕು. ಸ್ಪ್ರೇ ಹೊಡೆಯುವುದು ನನಗೆ ಒಪ್ಪಿಗೆ ಇಲ್ಲ. ಕಂಡ ಹುಳ ಸಾಯುತ್ತದೆ, ಲೋಳೆಯೊಳಗಿನದ್ದಕ್ಕೆ ಏನೂ ಆಗುವುದಿಲ್ಲ, ಆ ಸಣ್ಣ ಕೋಣೆಯ ಗಾಳಿಯನ್ನು ಮಾತ್ರ ಸ್ನಾನಕ್ಕೆ ಹೋದವರು ಕುಡಿಯುತ್ತಾರೆ.

ಬಚ್ಚಲು ಒಣಗಿಸುವುದು ಹೊಸ ವಿಷಯವಲ್ಲ, ಆದರೂ ಹೇಳುತ್ತೇನೆ: ಕೊನೆಯ ಸ್ನಾನವಾದ ಮೇಲೆ ವೈಪರಿನಲ್ಲಿ ನೀರು ಎಳೆದು ಬಾಗಿಲು ತೆರೆದಿಡಿ. ತಲೆಗೆ ಎಣ್ಣೆ ಹಚ್ಚಿ ಸೀಗೆಪುಡಿಯಲ್ಲಿ ತೊಳೆಯುವ ಮನೆಗಳಲ್ಲಿ ಭಾನುವಾರದ ಅಭ್ಯಂಜನ ಮುಗಿದ ಕೂಡಲೇ ಜಾಲಿಯ ಮೇಲಿನ ಗಸಿ, ಕೂದಲನ್ನು ಎತ್ತಿ ಕಸಕ್ಕೆ ಹಾಕಿ. ಎಣ್ಣೆ ಮತ್ತು ಸೀಗೆ ಗಸಿ ಸೇರಿದರೆ ಲೋಳೆಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ.

ಅಂದ ಹಾಗೆ ಈ ಹುಳಗಳ ಕುಟುಂಬಕ್ಕೆ ಒಂದು ಮರ್ಯಾದೆಯ ಕೆಲಸವೂ ಇದೆ. ಕಲ್ಲುಹಾಸಿನ ಮೇಲೆ ಕೊಳಚೆ ನೀರನ್ನು ಚಿಮುಕಿಸಿ ಶುದ್ಧ ಮಾಡುವ ಹಳೆಯ ಮಾದರಿಯ ಘಟಕಗಳಲ್ಲಿ ಇದರ ದಾಯಾದಿ ಸೈಕೋಡಾ ಆಲ್ಟರ್ನೇಟಾದ ಮರಿಗಳು ಕಲ್ಲಿಗೆ ಕಟ್ಟಿದ ಲೋಳೆಯನ್ನು ಮೇದು, ಸಂದಿಗಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತವೆ. ಅಲ್ಲಿ ಅವು ನೌಕರರು. ನಮ್ಮ ಬಚ್ಚಲಲ್ಲೂ ಮಾಡುವುದು ಅದನ್ನೇ. ನಾವು ಮಾಡದ ಕೆಲಸ ಅವು ಮಾಡುತ್ತಿರುತ್ತವೆ.

ಎಲ್ಲ ತೂತೂ ಚೊಕ್ಕಟ, ಆದರೂ ಹುಳ

ಎರಡು ಮೂರು ಸುತ್ತು ಉಜ್ಜಿ, ಟೇಪು ಹಚ್ಚಿದ ತೂತುಗಳೆಲ್ಲ ಖಾಲಿ ಬಂದು, ಹುಳ ಮಾತ್ರ ಹಾಗೇ ಇದ್ದರೆ ನೆಲವನ್ನು ಸಂಶಯಿಸಿ. ನಮ್ಮ ಕಡೆ ಬಚ್ಚಲಿನ ಸ್ಲ್ಯಾಬನ್ನು ಒಂದಡಿಯಷ್ಟು ತಗ್ಗಿಸಿ, ಅದರಲ್ಲಿ ಪೈಪು ಹಾಯಿಸಿ, ಇಟ್ಟಿಗೆ ಚೂರು, ಜಲ್ಲಿ ತುಂಬಿ ಮೇಲೆ ಟೈಲ್ಸ್ ಹಾಕುತ್ತಾರೆ. ಟೈಲ್ಸ್ ಸಂದಿ ಬಿಟ್ಟುಕೊಂಡರೆ, ಟ್ರ್ಯಾಪಿನ ಜಾಯಿಂಟು ಸೋರಿದರೆ ಸೋಪಿನ ನೀರು ಆ ತುಂಬುವಿಕೆಯಲ್ಲಿ ನಿಂತು ಕೊಳೆಯುತ್ತದೆ. ಅಲ್ಲಿಗೆ ಯಾವ ಬ್ರಷ್ಷೂ ಹೋಗುವುದಿಲ್ಲ. ಗೋಡೆ-ನೆಲ ಸೇರುವ ಮೂಲೆಯಲ್ಲಿ, ಕಮೋಡಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹುಳ ಹೊರಬರುತ್ತದೆ. ಆ ಸಂದಿಗಳ ಮೇಲೂ ರಾತ್ರಿ ಟೇಪು ಹಚ್ಚಿ ನೋಡಿ. ಕೆಳಮನೆಯ ಸೂರಿನಲ್ಲಿ ತೇವದ ಕಲೆ ಇದೆಯೇ ಕೇಳಿ. ಜಾಲಿಗೆ ಬಟ್ಟೆ ತುರುಕಿ ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಹಾಕಿ ರಾತ್ರಿ ಬಿಡಿ. ಬೆಳಗ್ಗೆ ಮಟ್ಟ ಚೆನ್ನಾಗಿ ಇಳಿದಿದ್ದರೆ ನೀರು ಟೈಲ್ಸ್ ಕೆಳಗೆ ಹೋಗುತ್ತಿದೆ.

ಸಂದಿ ಮಾತ್ರ ಬಿಟ್ಟಿದ್ದರೆ ಹಳೇ ಸಿಮೆಂಟು ಕೆರೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ತುಂಬಿಸಿದರೆ ಸಾಕಾಗಬಹುದು. ಟ್ರ್ಯಾಪೇ ಸೋರುತ್ತಿದ್ದರೆ ಒಡೆಸದೆ ವಿಧಿಯಿಲ್ಲ. ಮಳೆಗಾಲದಲ್ಲಿ ಮಾಡಿಸಬೇಡಿ, ಕೆಳಗಿನ ತುಂಬುವಿಕೆ ಒಣಗಲು ಬಿಸಿಲಿನ ತಿಂಗಳೇ ಬೇಕು. ಇನ್ನೊಂದು: ಹೊಸ ಜಾಲಿಯನ್ನು ಎತ್ತಲು ಬರುವ ಹಾಗೆ ಕೂರಿಸಬೇಕು, ಸಿಮೆಂಟಿನಲ್ಲಿ ಅಂಟಿಸಬಾರದು ಅಂತ ಮೇಸ್ತ್ರಿಗೆ ಮೊದಲೇ ಹೇಳಿ. "ಆಯ್ತಮ್ಮ" ಅನ್ನುತ್ತಾನೆ, ನೀವು ಕಾಫಿ ತರಲು ಒಳಗೆ ಹೋದಾಗ ಅಂಟಿಸಿರುತ್ತಾನೆ. ಕಾಫಿ ಮೊದಲೇ ಮಾಡಿಟ್ಟುಕೊಂಡು ಅಲ್ಲೇ ನಿಂತಿರಿ.